ಗುರುಗಳು ಕುಡಿಯದ ಚಹಾ

ಮಾರ್ಚ್ ೫, ೧೯೮೪

ಕ್ರಾಂತಿಯ ಕಾಲದಲ್ಲಿ ಕಿತ್ತುಕೊಂಡಿದ್ದ ನಮ್ಮ ಗರಡಿ ವಾಪಸ್ ಸಿಕ್ಕಿದೆ. ಇಷ್ಟು ವರ್ಷ ಅದರೊಳಗೆ ಊರಿನ ಧಾನ್ಯದ ಮೂಟೆ ಪೇರಿಸಿಟ್ಟಿದ್ದರು. ಇವತ್ತು ಕೊನೆಯ ಮೂಟೆಯೂ ಹೊರಗೆ ಹೋಯಿತೆಂದು ಮೀನು ಮಾರುವ ಚುಯಿ ಬಂದು ಹೇಳಿದಳು. ತೋಫು ಕತ್ತರಿಸುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮುಂದಿನ ತಿಂಗಳು ಹದಿನೈದಕ್ಕೆ ಮೂಲಗುರುವಿನ ಹಬ್ಬ. ಅವತ್ತು ಹಿಂದಿನ ಗುರುಗಳ ಹೆಸರಿನ ಹಲಗೆಗಳನ್ನೆಲ್ಲ ಮತ್ತೆ ಪೀಠಕ್ಕೆ ಏರಿಸುತ್ತಾರೆ. ಬೆಳ್ಳಕ್ಕಿ ಕೈ ಎಂಬ ನಮ್ಮ ಕಾಳಗದ ವಿದ್ಯೆ ಕಲಿತವರೆಲ್ಲ ಅವುಗಳ ಮುಂದೆ ತಲೆಮಾರಿನ ಪ್ರಕಾರ ಸಾಲಾಗಿ ನಿಲ್ಲಬೇಕು. ನಾನು ಎಲ್ಲಿ ನಿಲ್ಲಲಿ?

ನನಗೆ ಕಲಿಸಿದ, ಈಗ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿರುವ ಪುವಾ ಗುರುಗಳಿಗೆ ವಿಷಯ ಹೇಳಿದೆ. ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಅವರ ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಬುದ್ಧಿ ಎಲ್ಲೂ ಹೋಗಿಲ್ಲ. ಎಡಗೈಯಿಂದ ಹಾಸಿಗೆಯ ಅಂಚನ್ನು ತಟ್ಟಿದರು. ಸಂತೋಷಕ್ಕೋ, ಗಂಜಿ ಆರಿಹೋಯಿತು ಅಂತಲೋ ನನಗೆ ತಿಳಿಯಲಿಲ್ಲ.

ಮಾರ್ಚ್ ೮

ಗಾವ್ ದೊಡ್ಡಪ್ಪ ಬಂದಿದ್ದರು. ನಮ್ಮ ಗುರುಗಳಿಗಿಂತ ಮೊದಲು ಅದೇ ಗುರುವಿನ ಹತ್ತಿರ ಕಲಿತವರು, ಹಾಗಾಗಿ ನಮಗೆಲ್ಲ ದೊಡ್ಡಪ್ಪ. ಎಂಬತ್ತು ದಾಟಿದೆ. ಬಾಯಲ್ಲಿ ಹಲ್ಲು ಎರಡು, ನಿಯಮ ಇನ್ನೂರು.

"ಏನಮ್ಮ ಬೀಹಾ, ನಿನ್ನ ಗುರುವಿಗೆ ಚಹಾ ಕೊಟ್ಟಿದ್ದೀಯೋ ಇಲ್ವೋ?"

"ಯಾವಾಗ ಕೊಡೋಕಾಗ್ತಿತ್ತು ದೊಡ್ಡಪ್ಪ? ಆ ಕಾಲದಲ್ಲಿ ಮಂಡಿ ಊರಿದ್ರೆ ಇಬ್ಬರನ್ನೂ ಬೀದಿಗೆಳೆದು ಉಗೀತಿದ್ರು."

"ಕಾರಣ ಕೇಳ್ಲಿಲ್ಲ ನಾನು. ಕೊಟ್ಟಿದ್ದೀಯೋ ಇಲ್ವೋ?"

"ಇಲ್ಲ."

"ಹಂಗಾದ್ರೆ ನೀನು ಬೆಳ್ಳಕ್ಕಿ ಕೈ ನೋಡಿದೋಳು. ಕಲಿತೋಳಲ್ಲ."

ನೋಡಿದವಳಂತೆ! ಕ್ರಾಂತಿಯ ಆ ವರ್ಷಗಳಲ್ಲಿ ಊರಿನ ಪಕ್ಷದವರು ಗುರುಗಳನ್ನು ಹಳೇ ಕಾಲದ ಕೊಳೆ ಎಂದು ಕರೆದು, ಶಿಕ್ಷೆಯೆಂದು ನಮ್ಮ ತೋಫು ಮನೆಯ ಬೀಸುವ ಕಲ್ಲಿಗೆ ಹಚ್ಚಿದ್ದರು. ಆಗ ನಾನು ಹತ್ತೊಂಬತ್ತರ ಹುಡುಗಿ. ಕಲ್ಲಿನ ಗುರಗುರ ಸದ್ದಿನಲ್ಲಿ ಹೆಜ್ಜೆಯ ಸದ್ದು ಹೊರಗೆ ಕೇಳುತ್ತಿರಲಿಲ್ಲ. ಅವರು ಕಲ್ಲು ತಿರುಗಿಸುತ್ತಾ ಬಾಯಲ್ಲಿ ಹೇಳುತ್ತಿದ್ದರು, ನಾನು ನೆನೆಸಿದ ಕಾಳಿನ ಬಾನಿಗಳ ನಡುವೆ ಹೆಜ್ಜೆ ಹಾಕುತ್ತಿದ್ದೆ. ಕಾಲು ತಪ್ಪಿದರೆ ಕಲ್ಲು ನಿಲ್ಲುತ್ತಿತ್ತು. ಅದೇ ಬೈಗುಳ.

ಆದರೆ ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. ಶಿಷ್ಯ ಮಂಡಿಯೂರಿ ಎರಡೂ ಕೈಯಲ್ಲಿ ಚಹಾ ಕೊಡಬೇಕು, ಗುರು ತಳ ಕಾಣುವ ತನಕ ಕುಡಿಯಬೇಕು. ಅಲ್ಲಿಯವರೆಗೆ ಅವರು ಗುರುವಲ್ಲ, ನಾನು ಶಿಷ್ಯೆಯಲ್ಲ, ಎಷ್ಟು ವರ್ಷ ಕಲಿತರೂ ಅಷ್ಟೇ.

"ಕಾಲ ಮಿಂಚಿಲ್ಲ. ಹಬ್ಬದ ದಿನ ಎಲ್ಲರ ಎದುರಿಗೆ ಕೊಡು, ಅವನು ಕುಡೀಲಿ. ಇಲ್ದಿದ್ರೆ ಹೊಸಿಲಾಚೆ ನಿಂತ್ಕೋ. ಇನ್ನೊಂದು ಮಾತು, ಸಾಲಲ್ಲಿಲ್ಲದೋರು ಇನ್ಮೇಲೆ ಕಲಿಸೋ ಹಾಗಿಲ್ಲ. ನಿನ್ನ ಮೀನು ಮಾರೋ ಹೆಂಗಸರ ಗುಂಪು ಇದೆಯಲ್ಲ, ಅದಕ್ಕೂ ಸೇರಿಸೇ ಹೇಳ್ತಿರೋದು."

ಅವರಿಗೆ ನಾನು ಹೇಳದೇ ಉಳಿದ ಮಾತು ಇದು: ಗುರುಗಳ ಗಂಟಲು ಕೆಲಸ ಮಾಡುತ್ತಿಲ್ಲ. ಗಂಜಿ, ಮೆತ್ತನೆ ತೋಫು ಇಳಿಯುತ್ತದೆ. ನೀರಿನ ಹಾಗೆ ತೆಳ್ಳಗಿರುವುದು ಏನು ಕೊಟ್ಟರೂ ದಾರಿ ತಪ್ಪಿ ಎದೆಗೆ ಇಳಿಯುತ್ತದೆ. "ಒಂದು ಬಟ್ಟಲು ನೀರು ಸಾಕು, ಇವರನ್ನ ಕಳಕೊಳ್ಳೋಕೆ" ಎಂದಿದ್ದರು ಡಾಕ್ಟರಮ್ಮ.

ಚಹಾ ನೀರಲ್ಲದೆ ಮತ್ತೇನು?

ಮಾರ್ಚ್ ೧೧

ಮೀನು ಒಣಗಿಸುವ ಅಂಗಳದಲ್ಲಿ ಇವತ್ತು ಪಾಠ. ಚುಯಿ, ಮೀನಿನ ಡಬ್ಬಿ ಕಾರ್ಖಾನೆಯ ಹೆಂಗಸರು, ಬಲೆ ಹೆಣೆಯುವ ಇಬ್ಬರು ಬಂದಿದ್ದರು. ನಾನೇನು ಗುರುವಲ್ಲ. ಗೊತ್ತಿರುವುದನ್ನು ತೋರಿಸುತ್ತೇನೆ ಅಷ್ಟೇ.

ಶುರುವಿಗೆ ಗುರುಪರಂಪರೆಯ ಹೆಸರು ಹೇಳುವುದು ವಾಡಿಕೆ. ಉಪ್ಪಿನ ದೋಣಿಯ ಅಜ್ಜಿ, ಆಕೆಯ ಅಳಿಯ ಲೋ, ಒಕ್ಕಣ್ಣಿನ ಸುನ್, ಕಿಯೂ ತಾತ, ಪುವಾ ಗುರು. ಕೆಸರಿನಲ್ಲಿ ಕಾಲು ಹೂತುಹೋಗದೆ ನಡೆಯುವ ಬೆಳ್ಳಕ್ಕಿಯನ್ನು ನೋಡಿ ಹೆಜ್ಜೆ ಕಂಡುಕೊಂಡವಳು ಆ ಅಜ್ಜಿ, ನಮ್ಮ ಮೂಲಗುರು. ಅವಳಾದ ಮೇಲೆ ಸಾಲಿನಲ್ಲಿ ಒಬ್ಬಳೂ ಹೆಂಗಸಿಲ್ಲ.

"ಪುವಾ ಗುರು ಆದ್ಮೇಲೆ ಯಾರು?" ಚುಯಿ ಕೇಳಿದಳು. "ನಿನ್ನ ಹೆಸರು ಹೇಳ್ಬೇಕೋ ಬೇಡ್ವೋ?"

"ಬೇಡ. ಅಲ್ಲಿಗೇ ನಿಲ್ಸು."

"ಹಂಗಾದ್ರೆ ನಾವು ಯಾರ ಕೈಲಿ ಕಲೀತಾ ಇರೋದು? ತೋಫು ಕೈಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಇದ್ದರೆ ಕಣ್ಣು ತುಂಬುತ್ತಿತ್ತು. ನನಗಿಂತ ಎಂಟು ವರ್ಷ ದೊಡ್ಡವಳು ಚುಯಿ, ಏ ಬೀಹಾ ಅಂತಲೇ ಕರೆಯುವುದು. ಅವಳ ಎಡಗಾಲು ಇನ್ನೂ ಭಾರ. ಮೀನಿನ ಬುಟ್ಟಿ ಹೊತ್ತ ಕಾಲು, ಬೇಗ ಬಗ್ಗುವುದಿಲ್ಲ.

ಮಾರ್ಚ್ ೧೨

ತೋಫುವಿನ ಸೋಯಾ ಹಾಲು ಹೆಪ್ಪಾಗಲಿಲ್ಲ. ಏನೋ ಯೋಚನೆಯಲ್ಲಿ ಉಪ್ಪುನೀರು ಜಾಸ್ತಿ ಸುರಿದುಬಿಟ್ಟೆ. ಇಡೀ ಬಾನಿ ಹಂದಿಗಳ ಪಾಲು.

ಮಾರ್ಚ್ ೧೭

ಒಂದು ಉಪಾಯ ಹೊಳೆಯಿತು. ಚಹಾ ಕುದಿಸಿ, ಅದಕ್ಕೆ ಗೆಣಸಿನ ಹಿಟ್ಟು ಕದಡಿ ಗಟ್ಟಿ ಮಾಡಿದರೆ? ಗಂಜಿ ಇಳಿಯುವ ಗಂಟಲಿನಲ್ಲಿ ಅದೂ ಇಳಿಯಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಒಳ್ಳೆಯ ಎಲೆಯನ್ನೇ ಹಾಕಿದೆ. ಗುರುಗಳನ್ನು ದಿಂಬಿಗೆ ಒರಗಿಸಿ ಕೂರಿಸಿ ಒಂದು ಚಮಚ ಬಾಯಿಗಿಟ್ಟೆ. ಅವರು ಒಂದು ಸಲ ಬಾಯಾಡಿಸಿ ನೋಡಿದರು. ಆಮೇಲೆ ನನ್ನ ಅಂಗಿಯ ಮೇಲೆ ತುಪ್ಪೆಂದು ಉಗಿದರು.

"ಹಿಟ್ಟು ಜಾಸ್ತಿ ಆಯ್ತಾ?" ಅಂದೆ. ಎಡಗೈ ಬೀಸಿ ಬಟ್ಟಲನ್ನೇ ಆಚೆ ತಳ್ಳಿದರು.

ದಾರಿಯಲ್ಲಿ ಸಿಕ್ಕ ಗಾವ್ ದೊಡ್ಡಪ್ಪನನ್ನು ಕೇಳಿದ್ದಕ್ಕೆ, "ಅದು ಚಹಾ ಅಲ್ಲ, ಗೋಡೆಗೆ ಕಾಗದ ಅಂಟಿಸೋ ಅಂಟು" ಅಂದರು. ಅವರ ಮಾತು ಬಿಡಿ. ಗುರುಗಳು ಉಗಿದದ್ದು ಯಾವುದನ್ನು? ಹಿಟ್ಟನ್ನೋ, ನಾನು ಕೊಟ್ಟ ಚಹಾವನ್ನೋ? ಇಷ್ಟು ವರ್ಷ ಒಮ್ಮೆಯಾದರೂ ಅವರು "ನೀನು ನನ್ನ ಶಿಷ್ಯೆ" ಅಂದದ್ದುಂಟೇ? ಎಷ್ಟು ನೆನಪಿಸಿಕೊಂಡರೂ ಇಲ್ಲ. ಕಲ್ಲು ಬೀಸುವಾಗ ಹೊತ್ತು ಹೋಗಲಿ ಎಂದು ಕಲಿಸಿದರೋ ಏನೋ. ನನಗೆ ಭಯವಾಗುತ್ತಿದೆ.

ಮಾರ್ಚ್ ೨೧

ಷಿಯಾಮೆನ್ ಪಟ್ಟಣದಿಂದ ಹಾಕ್‌ಲಿಯಂ ಬಂದಿದ್ದ. ಗುರುಗಳಿಗೆ ಚಹಾ ಕೊಟ್ಟವರಲ್ಲಿ ಈಗ ಉಳಿದಿರುವವನು ಅವನೊಬ್ಬನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಲ್ಲಿ ಅವನ ಕೈಕೆಳಗೆ ದೊಡ್ಡ ಗರಡಿಯೇ ಇದೆಯಂತೆ. ಗುರುಗಳ ಕಾಲು ಮುಟ್ಟಿದ, ಕಿತ್ತಳೆ ಹಣ್ಣಿನ ಚೀಲ ಇಟ್ಟ, ಅತ್ತ. ಹಣ್ಣಿನ ರಸವೂ ಇವರಿಗೆ ಆಗದು ಅಂತ ಯಾರು ಹೇಳಬೇಕು ಅವನಿಗೆ.

ಹೊರಡುವಾಗ ಅಂಗಳದಲ್ಲಿ ನಿಂತ.

"ಬೀಹಾ, ಒಂದು ದಾರಿ ಹೇಳ್ತೀನಿ, ಕೋಪ ಮಾಡ್ಕೋಬೇಡ. ಆ ಚಹಾ ನನಗೆ ಕೊಡು."

"ನಿಮಗ್ಯಾಕೆ?"

"ನನ್ನ ಶಿಷ್ಯೆ ಆಗ್ತೀಯ. ನಿನಗೂ ಜಾಗ ಸಿಗುತ್ತೆ, ನಿನ್ನ ಹೆಂಗಸರಿಗೂ ಸಿಗುತ್ತೆ. ಗುರುಗಳ ಜೀವಕ್ಕೂ ಅಪಾಯ ಇಲ್ಲ."

"ಆಗ ಗುರುಗಳು ನನಗೆ ಏನಾಗ್ತಾರೆ?"

ಅವನು ನೆಲ ನೋಡಿದ. "ತಾತ. ಗುರುತಾತ ಅನ್ಬೇಕಾಗುತ್ತೆ."

"ಅವರ ಮಲಮೂತ್ರ ಬಳಿಯೋಳು ನಾನು. ಕಲಿಸಿದ್ದು ಅವರು. ನೀವು ಷಿಯಾಮೆನ್‌ನಲ್ಲಿ ಬಸ್ಸಿನ ಕೆಳಗೆ ಮಲಗಿದ್ರಿ. ನಿಮ್ಮ ಮುಂದೆ ಮಂಡಿ ಊರಬೇಕಾ ನಾನು?"

"ಇನ್ನೊಂದು ದಾರಿನೂ ಇದೆ" ಅಂದ. ಆಮೇಲೆ, "ಬೇಡ ಬಿಡು, ಬಾಯಲ್ಲಿ ಆಡಬಾರದು" ಅಂದು ಹೊರಟುಹೋದ.

ಅವನು ಆಡದಿದ್ದರೂ ನನಗೆ ಗೊತ್ತು. ಗುರು ತೀರಿಹೋದ ಮೇಲೆ ದೊಡ್ಡ ಶಿಷ್ಯ ಅವರ ಬದಲಿಗೆ ತಾನು ಚಹಾ ಕುಡಿದು, ಉಳಿದುಹೋದವರನ್ನು ತಮ್ಮ, ತಂಗಿ ಅಂತ ಸಾಲಿಗೆ ಸೇರಿಸಿಕೊಳ್ಳಬಹುದು. ಗುರು ಬದುಕಿರುವಾಗ ಹಾಗೆ ಮಾಡಿದರೆ ಅವರ ಸಾವು ಬಯಸಿದ ಹಾಗೆ.

ಗಂಜಿ ಕಲಕುತ್ತಿದ್ದಾಗ ನಾನು ದಿನ ಲೆಕ್ಕ ಹಾಕುತ್ತಿದ್ದೆ. ಹಬ್ಬಕ್ಕೆ ಮೊದಲೇ ಏನಾದರೂ ಆದರೆ ಅಂತ. ಎಂಥ ಪಾಪಿ ನಾನು. ಸೌಟು ಕೆಳಗಿಟ್ಟು ಹಿತ್ತಲಿಗೆ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡೆ.

ಮಾರ್ಚ್ ೨೨

ಅವರ ಮುಖ ನೋಡಿ ಉಣ್ಣಿಸಲು ಆಗಲಿಲ್ಲ. ಗೋಡೆ ನೋಡಿಕೊಂಡು ಉಣ್ಣಿಸಿದೆ.

ಮಾರ್ಚ್ ೨೮

ಚುಯಿಗೆ ಚೆನ್ನಾಗಿ ಬೈದೆ. ಎಡಗಾಲು ಎತ್ತುವಾಗ ಉಸಿರು ಹಿಡಿದುಬಿಡುತ್ತಾಳೆ. ಉಸಿರು ಹಿಡಿದರೆ ಮೈ ಭಾರ, ಮೈ ಭಾರವಾದರೆ ಕೆಸರು ಎಳೆದುಕೊಳ್ಳುತ್ತದೆ. ಅವಳನ್ನು ಕರೆದುಕೊಂಡು ಕಡಲಿನ ಇಳಿತದ ಹೊತ್ತಿಗೆ ದಡದ ನಿಜವಾದ ಕೆಸರಿಗೇ ಇಳಿದೆ. ಡಬ್ಬಿ ಕಾರ್ಖಾನೆಯವರೂ ಷರಾಯಿ ಮಡಚಿ ಹಿಂದೆ ಬಂದರು. ಮೊಣಕಾಲವರೆಗೆ ಹೂತುಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಕೋಳಿಗಳ ಹಾಗೆ ಕೂಗಾಟ. ಆಮೇಲೆ ಚುಯಿ ಒಂದು ಸಲ, ಒಂದೇ ಸಲ, ಹಗುರವಾಗಿ ಕಾಲೆತ್ತಿದಳು. ಕೆಸರು ಸದ್ದೇ ಮಾಡಲಿಲ್ಲ.

"ಆಯ್ತು ಕಣೇ ಗುರುವಮ್ಮ!" ಎಂದು ಕಿರುಚಿದಳು.

ಈ ಹಬ್ಬದ ತಲೆಬಿಸಿಯಲ್ಲಿ ಅವಳಿಗೆ ಬಲಗಾಲಿನ ತಿರುವು ಹೇಳಿಕೊಡುವುದು ಮರೆತೆ. ನಾಳೆ ಹೇಳಬೇಕು.

ಏಪ್ರಿಲ್ ೧

ಇವತ್ತು ಅಕ್ಷರ ನೆಟ್ಟಗೆ ಬೀಳುತ್ತಿಲ್ಲ.

ಬೆಳಿಗ್ಗೆ ಹಾಕ್‌ಲಿಯಂ, ಗಾವ್ ದೊಡ್ಡಪ್ಪ ಇಬ್ಬರೂ ಬಂದಿದ್ದರು. ಹಾಸಿಗೆಯ ಪಕ್ಕ ಕೂತು ಹಬ್ಬದ ಮಾತು ಆಡುತ್ತಿದ್ದರು. ಬೀಹಾಳನ್ನು ಎಲ್ಲಿ ನಿಲ್ಲಿಸುವುದು ಅಂತ ದೊಡ್ಡಪ್ಪ, ನನ್ನ ಸಾಲಿನಲ್ಲಿ ಅಂತ ಹಾಕ್‌ಲಿಯಂ. ನಾನು ಕಿವಿಗೆ ಹಾಕಿಕೊಳ್ಳದವಳ ಹಾಗೆ ಅವರಿಗೆ ಚಹಾ ತಂದೆ. ದೊಡ್ಡಪ್ಪನ ಬಟ್ಟಲು ಕೊಟ್ಟು, ಹಾಸಿಗೆಯ ಮೇಲಿಂದ ಬಾಗಿ ಹಾಕ್‌ಲಿಯಂನ ಬಟ್ಟಲನ್ನು ಎರಡೂ ಕೈಯಲ್ಲಿ ಚಾಚಿದೆ. ನಡುವೆ ಗುರುಗಳ ಎಡಗೈ ಬಂತು. ಬೆಳ್ಳಕ್ಕಿಯ ಕೊಕ್ಕಿನ ಹಾಗೆ ಕೆಸರಿನಿಂದ ಮೀನು ಹೆಕ್ಕುವ ಕೈ ಅದು, ನಾನು ನೋಡುವಷ್ಟರಲ್ಲಿ ಬಟ್ಟಲು ಅವರ ಬಾಯಿಯಲ್ಲಿತ್ತು.

ಎರಡು ಗುಟುಕು ಹೋಯಿತೇನೋ. ಕೆಮ್ಮು ಹತ್ತಿತು. ಮುಖ ನೀಲಿಯಾಯಿತು. ಹಾಕ್‌ಲಿಯಂ ಅವರನ್ನು ಮಗ್ಗುಲಿಗೆ ಮಲಗಿಸಿ ಬೆನ್ನು ಗುದ್ದಿದ. ದೊಡ್ಡಪ್ಪ ಮೂಲಗುರುವಿನ ಹೆಸರು ಕೂಗುತ್ತಿದ್ದರು. ನಾನು ಬಟ್ಟಲು ಕಿತ್ತುಕೊಂಡು ಗೋಡೆಗೆ ಎಸೆದೆ.

ಮುದುಕರಿಗೆ ಎಂಥ ಚಹಾದ ಆಸೆ! ಜೀವಕ್ಕಿಂತ ಹೆಚ್ಚಾಯಿತೇ? ಉಸಿರು ಬಂದ ಮೇಲೂ ಅವರು ಒಡೆದ ಬಟ್ಟಲನ್ನೇ ನೋಡುತ್ತಿದ್ದರು. ಹಾಕ್‌ಲಿಯಂ ನನ್ನನ್ನು ಏನೋ ಕೇಳಲು ಬಾಯಿ ತೆರೆದ. ನಾನು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ.

ಏಪ್ರಿಲ್ ೩

ಜ್ವರ. ಎದೆಯಲ್ಲಿ ಗೊರಗೊರ. ಡಾಕ್ಟರಮ್ಮ ಸೂಜಿ ಚುಚ್ಚಿ ಹೋದರು. ನನ್ನ ಮುಖ ನೋಡಿ ಬೈಯಲೂ ಇಲ್ಲ.

ಏಪ್ರಿಲ್ ೪

ಇವತ್ತು ಹಿರಿಯರ ಗೋರಿ ಗುಡಿಸುವ ಹಬ್ಬ, ಎಲ್ಲರೂ ಬೆಟ್ಟಕ್ಕೆ ಹೋದರು. ನಾನು ಅಪ್ಪ ಅಮ್ಮನ ಗೋರಿಗೂ ಹೋಗಲಿಲ್ಲ. ಕ್ಷಮಿಸಿಬಿಡಲಿ. ಅಂಗಡಿಯ ಕೆಲಸ ಚುಯಿಯವರೇ ನೋಡಿಕೊಂಡರು. ಅವರು ಕತ್ತರಿಸಿದ ತೋಫುವಿಗೆ ಮೀನಿನ ವಾಸನೆಯಂತೆ, ಗಿರಾಕಿಗಳ ಗಲಾಟೆ.

ಬದುಕಿದರೆ ಸಾಕು. ಇನ್ನೇನೂ ಬೇಡ.

ಏಪ್ರಿಲ್ ೯

ಜ್ವರ ಇಳಿಯಿತು. ಮೂರು ಚಮಚ ಗಂಜಿ ಹೋಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಹಾಕ್‌ಲಿಯಂಗೆ ಹೇಳಿ ಕಳಿಸಿದೆ, ಹಬ್ಬದ ದಿನ ಚಹಾ ನಿಮಗೇ ಕೊಡುತ್ತೇನೆ ಅಂತ. ಯೋಚನೆ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಗುರುಗಳ ಬಾಯಿಯ ಹತ್ತಿರ ನಾನು ಇನ್ನು ಯಾವತ್ತೂ ಬಟ್ಟಲು ಒಯ್ಯುವುದಿಲ್ಲ. ನನಗೆ ಹೆಸರಿಲ್ಲದಿದ್ದರೆ ನಡೆದೀತು. ಈ ಹೆಂಗಸರನ್ನು ಹೊಸಿಲಾಚೆ ನಿಲ್ಲಿಸಿದರೆ ನಡೆಯದು. ಚುಯಿಯ ಕಾಲು ಈಗಷ್ಟೇ ಹಗುರವಾಗಿದೆ. ಬಲೆಯವಳ ಮಣಿಕಟ್ಟು ಇನ್ನೊಂದು ವರ್ಷದಲ್ಲಿ ನನ್ನದಕ್ಕಿಂತ ಚೆನ್ನಾಗಿ ತಿರುಗುತ್ತದೆ. ಅವರನ್ನು ಅರ್ಧಕ್ಕೆ ಬಿಡಲೇ?

ಚುಯಿಗೆ ಸಿಟ್ಟು. "ಆ ಬಸ್ಸಿನವನ ಕಾಲಿಗೆ ಬೀಳ್ತೀಯಾ? ನಮಗೋಸ್ಕರ ಅನ್ನೋದಾದ್ರೆ ಬೇಡ. ನಾವು ಹೊಸಿಲಾಚೆ ನಿಂತೇ ಹುಟ್ಟಿದೋರು."

"ಬಾಯಿ ಮುಚ್ಕೊಂಡು ಬಲಗಾಲು ತಿರುಗ್ಸು" ಅಂದೆ.

ತಿರುಗಿಸಿದಳು. ಚೆನ್ನಾಗಿತ್ತು. ಹೇಳಲಿಲ್ಲ.

ಏಪ್ರಿಲ್ ೧೫

ಆಯಿತು.

ಗುರುಗಳನ್ನು ಬಿದಿರಿನ ಕುರ್ಚಿಯಲ್ಲಿ ಕೂರಿಸಿ ನಮ್ಮ ಹೆಂಗಸರೇ ಹೊತ್ತುಕೊಂಡು ಹೋದರು. ಬೀದಿಯ ತುಂಬ ಪಟಾಕಿ ಹೊಗೆ. ಗರಡಿಯಲ್ಲಿ ಇನ್ನೂ ಭತ್ತದ ಧೂಳಿನ ವಾಸನೆ ಇದೆ. ಹಲಗೆಗಳನ್ನು ಪೀಠಕ್ಕೇರಿಸಿದರು. ಉಪ್ಪಿನ ದೋಣಿಯ ಅಜ್ಜಿಯ ಹಲಗೆ ಎಲ್ಲಕ್ಕಿಂತ ಮೇಲೆ, ಕಿಯೂ ತಾತನದು ಕೆಳಗೆ. ಅದರ ಕೆಳಗೆ ಕುರ್ಚಿಯಲ್ಲಿ ನಮ್ಮ ಗುರುಗಳು.

ಗಾವ್ ದೊಡ್ಡಪ್ಪ ನನ್ನ ಹೆಸರು ಕೂಗಿದರು. ಹಾಕ್‌ಲಿಯಂನ ಮುಂದೆ ಮಂಡಿಯೂರಿದೆ. ಗುರುಗಳ ಕುರ್ಚಿ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಕಡೆ ನೋಡಬಾರದು ಅಂದುಕೊಂಡಿದ್ದೆ, ನೋಡಿದೆ. ಅವರು ನನ್ನನ್ನಲ್ಲ, ಬಟ್ಟಲನ್ನು ನೋಡುತ್ತಿದ್ದರು. ಮತ್ತೆ ಎಡಗೈ ಬಂದೀತೆಂದು ಬಟ್ಟಲನ್ನು ಬಿಗಿಯಾಗಿ ಹಿಡಿದೆ. ಬರಲಿಲ್ಲ. ಹಾಕ್‌ಲಿಯಂ ತಳ ಕಾಣುವ ತನಕ ಕುಡಿದು, ಬಟ್ಟಲು ಬೋರಲು ಮಾಡಿ ತೋರಿಸಿದ. ಅವನ ಮುಖದಲ್ಲೂ ಖುಷಿ ಇರಲಿಲ್ಲ.

ಕೊನೆಯ ಸಾಲಿನಲ್ಲಿ, ಹೊಸಿಲಿನ ಒಳಗೆ, ನಮ್ಮವರು ನಿಂತರು. ಚುಯಿ ಹೊಸ ಅಂಗಿ ಹಾಕಿದ್ದಳು. ಅಷ್ಟು ಸಾಕು ಅಂತ ನನಗೆ ನಾನೇ ಹೇಳಿಕೊಂಡೆ. ಸಾಕಾಗಲಿಲ್ಲ.

ಏಪ್ರಿಲ್ ೧೬

ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದೆ. ನಿಯಮ ನಿಯಮವೇ, ಒಪ್ಪಿಕೊಂಡ ಮೇಲೆ ನಾಲಿಗೆಗೂ ಅಭ್ಯಾಸ ಆಗಬೇಕು. "ಗುರುತಾತ, ಬಾಯಿ ತೆಗೀರಿ" ಅಂದೆ.

ತೆಗೆಯಲಿಲ್ಲ. ಚಮಚ ತುಟಿಗೆ ತಾಗಿಸಿದರೂ ಇಲ್ಲ. ಮೆತ್ತನೆ ತೋಫುವಿಗೆ ಶುಂಠಿ ಬೆಲ್ಲ ಹಾಕಿ ತಂದೆ, ಅದಕ್ಕಂತೂ ಅವರು ಪ್ರಾಣ ಬಿಡುತ್ತಾರೆ. ಇಲ್ಲ. ಮಧ್ಯಾಹ್ನವೂ ಇಲ್ಲ. ಮತ್ತೊಮ್ಮೆ ಲಕ್ವ ಹೊಡೆದು ದವಡೆ ಕಚ್ಚಿಕೊಂಡಿತೇ? ಗಂಟಲು ಪೂರ್ತಿ ಮುಚ್ಚಿತೇ? ಷಿಯಾಮೆನ್ ಬಸ್ಸು ಹತ್ತಲು ನಿಂತಿದ್ದ ಹಾಕ್‌ಲಿಯಂನನ್ನು ಚುಯಿ ಓಡಿಹೋಗಿ ಎಳೆದು ತಂದಳು.

ಅವನು ಚಮಚ ಹಿಡಿದ. "ಗುರುಗಳೇ, ಒಂದು ತುತ್ತು." ಮುಖ ತಿರುಗಿಸಿದರು.

"ನೀನು ಕೊಡು" ಅಂದ ನನಗೆ.

"ಗುರುತಾತ, ನಿಮ್ಮ ದಮ್ಮಯ್ಯ, ಒಂದು ತುತ್ತು..." ಕಲ್ಲಿನ ಹಾಗೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ, ಕೂಗಿಯೇ ಬಿಟ್ಟೆ. "ಗುರುಗಳೇ! ಸಾಯ್ಬೇಕು ಅಂತ ಮಾಡಿದ್ದೀರಾ? ಬಾಯಿ ತೆಗೀರಿ ಗುರುಗಳೇ!"

ತೆಗೆದರು.

ತುತ್ತು ಇಳಿಯಿತು. ಅಬ್ಬ, ಹಸಿವು ತಡೆಯಲಾಗಲಿಲ್ಲ ಇವರಿಗೆ ಅಂದುಕೊಂಡೆ. ಎರಡನೇ ಚಮಚ ತುಂಬಿ, ಹಾಕ್‌ಲಿಯಂ ಎದುರಿಗೇ ನಿಂತಿದ್ದನ್ನು ನೆನೆದು ತಿದ್ದಿಕೊಂಡೆ. "ಇನ್ನೊಂದು, ಗುರುತಾತ." ಬಾಯಿ ಮುಚ್ಚಿತು.

ಹಾಕ್‌ಲಿಯಂ ಮೊದಲು ನಕ್ಕ. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟ, ಆ ಎಣ್ಣೆಗಪ್ಪು ಕೈಗಳಿಂದ ಮುಖ ಮುಚ್ಚಿಕೊಂಡ.

"ಅವತ್ತು ಗುರುಗಳು ಬಟ್ಟಲು ಕಿತ್ಕೊಂಡಾಗ್ಲೇ ನನಗೆ ಗೊತ್ತಾಗಿತ್ತು ಬೀಹಾ. ಕೇಳೋಕೆ ಬಂದೆ, ನೀನು ಬಾಗಿಲು ಹಾಕ್ದೆ. ಅವರು ಕುಡಿದಿದ್ದು ನನ್ನ ಚಹಾ ಅಂದ್ಕೊಂಡ್ಯಾ? ನಿನ್ನ ಎರಡು ಕೈಲಿದ್ದ ಚಹಾ ಕಣೇ ಅದು."

ಅವತ್ತು ಬಾಗಿ ಚಾಚುವಾಗ ನನ್ನ ಒಂದು ಮಂಡಿ ಹಾಸಿಗೆಯ ಅಂಚಿಗೆ ಊರಿತ್ತು. ಈಗ ನೆನಪಾಗುತ್ತಿದೆ.

"ತಳ ಕಾಣೋ ತನಕ ಕುಡೀಲಿಲ್ವಲ್ಲ" ಅಂದೆ.

"ಉಳಿದಿದ್ದನ್ನ ನಿನ್ನೆ ನಾನು ಮುಗಿಸಿದೆ. ಅವರ ಬದಲಿಗೆ." ಅಂದವನೇ ಬೆದರಿ ಗುರುಗಳ ಕಡೆ ತಿರುಗಿದ. "ಗುರುಗಳೇ, ಹೀಗಂದ್ರೆ ನಿಮ್ಮ ಸಾವು ಬಯಸಿದ ಹಾಗಾಗಲ್ವಾ?"

ಎಡಗೈ ಬಂತು. ಹಾಕ್‌ಲಿಯಂನ ಕಿವಿಯ ಮೇಲೆ ಫಟೀರೆಂದು ಬಿತ್ತು. ಬಾಗಿಲಲ್ಲಿ ನಿಂತಿದ್ದ ಚುಯಿ ಬಿದ್ದು ಬಿದ್ದು ನಕ್ಕಳು.

"ಕಿವಿ ಹೋಯ್ತು, ಆದ್ರೂ ಉತ್ತರ ಕೇಳಿಸ್ತು" ಅಂದ, ಕಿವಿ ಉಜ್ಜಿಕೊಳ್ಳುತ್ತಾ. "ಇನ್ಮೇಲೆ ನನ್ನನ್ನ ಅಣ್ಣ ಅನ್ನು."

"ಗಾವ್ ದೊಡ್ಡಪ್ಪನಿಗೆ ಯಾರಣ್ಣ ಹೇಳೋರು?"

"ನೀನೇ ಹೇಳಮ್ಮ ತಂಗಿ. ನನಗೆ ಭಯ."

ಅಣ್ಣನ ಬಸ್ಸು ಹೋಗಿಯಾಗಿತ್ತು, ರಾತ್ರಿ ಊಟಕ್ಕೆ ಇಲ್ಲೇ ಉಳಿಯುತ್ತೇನೆ ಅಂದರು. ಚಮಚ ನನ್ನ ಕೈಯಲ್ಲೇ ಇತ್ತು, ಗಂಜಿ ಪೂರ್ತಿ ಆರಿಹೋಗಿತ್ತು.

"ಗುರುಗಳೇ" ಅಂದೆ. ಇಷ್ಟು ವರ್ಷ ಕರೆದದ್ದೇ, ಆದರೂ ಧ್ವನಿ ಒಡೆಯಿತು. ಅವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು.